ಮೀನು ಸಾಯುವುದು ಬೆಳಗಿನ ಜಾವ

ಬೆಂಗಳೂರಿನ ವೈಯಾಲಿಕಾವಲ್‌ನವರಿಗೆ ಸ್ಯಾಂಕಿ ಕೆರೆ ಎಂದರೆ ಬೆಳಗಿನ ವಾಕಿಂಗು, ವರ್ಷಕ್ಕೊಮ್ಮೆ ಗಣೇಶನ ವಿಸರ್ಜನೆ. 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಇದನ್ನು ಕಟ್ಟಿಸಿದ್ದು ಊರಿಗೆ ನೀರು ಒದಗಿಸಲು. ಧಾತು, ಈಶ್ವರ ಸಂವತ್ಸರಗಳ ಬರವನ್ನು ಜನ ಆಗಿನ್ನೂ ಮರೆತಿರಲಿಲ್ಲ. ಕೆರೆ ತುಂಬೀತೇ ಎಂಬುದು ಅಂದಿನ ಚಿಂತೆ. ತುಂಬಿದ ನೀರಿನ ಗತಿ ನಾಳೆ ಏನಾದೀತು ಎಂಬುದು ಇಂದಿನದು.

ಮಳೆಗೆ ಮುನ್ಸೂಚನೆ ಕೊಟ್ಟಂತೆ ಸರೋವರಕ್ಕೂ ಕೊಡುವ ಕೆಲಸ ಅಮೆರಿಕದ ಈರಿ ಸರೋವರದಲ್ಲಿ ನಡೆಯುತ್ತಿದೆ. 2014ರ ಆಗಸ್ಟ್‌ನಲ್ಲಿ ಅದರ ದಡದ ಟೊಲಿಡೊ ನಗರದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ, ಕುದಿಸಿಯೂ ಕುಡಿಯಬೇಡಿ ಎಂದು ಸಾರಬೇಕಾಯಿತು. ನೀರಿಗೆ ಸೇರಿದ್ದು ನೀಲಿ-ಹಸಿರು ಪಾಚಿಯ ವಿಷ, ಕುದಿಸಿದರೆ ಹೋಗುವಂಥದ್ದಲ್ಲ. ಅಲ್ಲಿನ ಸರ್ಕಾರಿ ಸಂಸ್ಥೆ ನೋವಾ, ಪಾಚಿ ಎಲ್ಲಿದೆ ಎಂದು ಉಪಗ್ರಹ ಚಿತ್ರಗಳಲ್ಲಿ ಗುರುತಿಸುತ್ತದೆ. ಗಾಳಿ, ನೀರಿನ ಸೆಳೆತಗಳ ವಿವರವನ್ನು ಕಂಪ್ಯೂಟರ್ ಮಾದರಿಗೆ ಉಣಿಸಿ, ಮುಂದಿನ ಕೆಲವು ದಿನ ಅದು ಎತ್ತ ತೇಲೀತು ಎಂದು ಹೇಳುತ್ತದೆ. ಇಡೀ ಹಂಗಾಮಿನ ಅಂದಾಜು ಇನ್ನೂ ಸ್ವಾರಸ್ಯದ್ದು. ಅದಕ್ಕಾಗಿ ಅವರು ನೋಡುವುದು ಸರೋವರವನ್ನಲ್ಲ, ಅದನ್ನು ಸೇರುವ ಮೌಮಿ ನದಿಯನ್ನು. ಮಾರ್ಚ್‌ನಿಂದ ಜುಲೈವರೆಗೆ ಆ ನದಿ ಹೊಲಗಳಿಂದ ಎಷ್ಟು ರಂಜಕ ಹೊತ್ತು ತಂದಿತು ಎಂಬುದೇ ಲೆಕ್ಕದ ಜೀವಾಳ.

ಹಾಗೆ ನೋಡಿದರೆ ಬೆಂಗಳೂರಿನ ಕೆರೆಗಳ ಜಾತಕ ಇರುವುದು ರಾಜಕಾಲುವೆಯಲ್ಲಿ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿದ್ದು ಎಲ್ಲರಿಗೂ ಗೊತ್ತು. ಅದು ಮಳೆ ಬಂದಾಗಲೇ ಏಕೆ ಉಕ್ಕುತ್ತದೆ? ಸ್ಯಾಂಕಿ ಕೆರೆಯಿಂದ ದೂರವಿಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರದವರು ವರ್ಷಗಟ್ಟಲೆ ಇದರ ಬೆನ್ನು ಹತ್ತಿದರು. ಕೊಳಚೆ ನೀರು ಕೆರೆಯನ್ನು ದಾಟಲು 10ರಿಂದ 15 ದಿನ ಹಿಡಿಯುತ್ತದೆ. ಸೋಪು, ಶ್ಯಾಂಪೂ, ಬಟ್ಟೆ ಪುಡಿಯ ನೊರೆಕಾರಕಗಳು ಆಮ್ಲಜನಕವಿಲ್ಲದ ಆ ನೀರಿನಲ್ಲಿ ಕೊಳೆಯದೆ ಹೂಳಿಗೆ ಅಂಟಿ ಕೂರುತ್ತವೆ. ದೊಡ್ಡ ಮಳೆ ಹೂಳನ್ನು ಕದಡಿದಾಗ ಅವು ಬಿಟ್ಟುಕೊಂಡು ಬಂದು, ಕೋಡಿಯಲ್ಲಿ ಧುಮುಕುವಾಗ ನೊರೆಯಾಗುತ್ತವೆ. ಅಂದರೆ ಇವತ್ತು ಎಷ್ಟು ಮಳೆ ಬಿತ್ತು ಎಂದಷ್ಟೇ ತಿಳಿದ ಮಾದರಿ ಇಲ್ಲಿ ಸಾಲದು. ಬೇಸಿಗೆಯಿಡೀ ತಳದಲ್ಲಿ ಕೂಡಿದ ಹಳೇ ಬಾಕಿಯೂ ಅದಕ್ಕೆ ಗೊತ್ತಿರಬೇಕು.

2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಮೀನಿಗೆ ಬೇಕಾದದ್ದು ನೀರಿನಲ್ಲಿ ಕರಗಿದ ಆಮ್ಲಜನಕ. ಲೀಟರಿಗೆ 4 ಮಿಲಿಗ್ರಾಂ ಇದ್ದರೆ ಮೀನಿಗೆ ಆದೀತು ಎಂಬುದು ನಮ್ಮ ಸರ್ಕಾರಿ ಮಾನದಂಡ. ಕೊಳಚೆ ಇದನ್ನು ಹೇಗೆ ತಿಂದುಹಾಕುತ್ತದೆ ಎಂಬ ಲೆಕ್ಕ ಹೊಸದೇನಲ್ಲ. ಕಂಪ್ಯೂಟರ್ ಹುಟ್ಟುವ ಮೊದಲೇ, 1925ರಲ್ಲಿ, ಸ್ಟ್ರೀಟರ್ ಮತ್ತು ಫೆಲ್ಪ್ಸ್ ಓಹಾಯೊ ನದಿಯನ್ನು ಮುಂದಿಟ್ಟುಕೊಂಡು ಅದಕ್ಕೊಂದು ಸಮೀಕರಣ ಬರೆದಿದ್ದರು. ಕೆರೆಯಲ್ಲಿ ಇನ್ನೊಂದು ತೊಡಕಿದೆ. ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಪಾಚಿ ಉಸಿರಾಡಿ ಖಾಲಿ ಮಾಡುತ್ತದೆ. ನೀರು ತೀರಾ ಬಡವಾಗುವುದು ಬೆಳಗಿನ ಜಾವ. ನಾವು ಅಳೆಯುವುದು? ಮಾಲಿನ್ಯ ನಿಯಂತ್ರಣ ಮಂಡಳಿಯ ಬಾಟಲಿಗೆ ನೀರು ತುಂಬುವುದು ತಿಂಗಳಿಗೊಮ್ಮೆ, ಅದೂ ಕಚೇರಿ ವೇಳೆಯಲ್ಲಿ. ಅಷ್ಟು ಹೊತ್ತಿಗೆ ಸೂರ್ಯ ನೆತ್ತಿಗೇರಿ ಕೆರೆ ಚೇತರಿಸಿಕೊಂಡಿರುತ್ತದೆ. ಅಂಥ ಅಂಕಿಗಳನ್ನೇ ತಿನ್ನಿಸಿದರೆ ಎಷ್ಟು ದೊಡ್ಡ ಕಂಪ್ಯೂಟರೂ ಎಲ್ಲ ಸರಿಯಿದೆ ಎಂದೇ ಹೇಳೀತು.

ಕೆರೆಗೆ ಮುನ್ಸೂಚನೆ ಕೊಡಲು ಬೇಕಾದ ಅರ್ಧ ಕೆಲಸ ಆಗಲೇ ಆಗಿದೆ ಎಂಬುದೂ ನಿಜ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ನಗರದ ತುಂಬ ಇವೆ. ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳಿವೆ. ವಿಜ್ಞಾನ ಸಂಸ್ಥೆಯ ಜೊತೆ ಸೇರಿ ರೂಪಿಸಿದ ನೆರೆ ಮಾದರಿಯಿದೆ. ‘ಬೆಂಗಳೂರು ಮೇಘಸಂದೇಶ’ ಎಂಬ ಆ್ಯಪ್ 2020ರಿಂದ ಜನರ ಕೈಯಲ್ಲಿದೆ. ಕಾಲುವೆಯಲ್ಲಿ ಎಷ್ಟು ನೀರು ಬಂದೀತು ಎಂದು ಹೇಳಬಲ್ಲ ಊರಿಗೆ, ಅದು ಎಂಥ ನೀರು ಎಂದು ಹೇಳುವುದು ಎಟುಕದ ಮಾತಲ್ಲ. ರಾತ್ರಿಯಿಡೀ ಆಮ್ಲಜನಕ ಅಳೆಯುತ್ತ ತೇಲುವ ಒಂದು ಉಪಕರಣ, ಅದರ ಮೇಲಿನ ಪಾಚಿಯನ್ನು ಆಗಾಗ ಒರೆಸಲು ಒಬ್ಬ ಮನುಷ್ಯ, ಇಷ್ಟರಿಂದ ಶುರು ಮಾಡಬಹುದು. ಎರಡನೆಯದಕ್ಕೆ ಸಂಬಳ ಕೊಡಲು ಟೆಂಡರುಗಳು ಮರೆಯುತ್ತವೆ.

ಕೊಳಚೆ ನಿಲ್ಲಿಸಿದರೆ ಮುನ್ಸೂಚನೆಯೇ ಬೇಡವಲ್ಲ ಎನ್ನುವವರಿದ್ದಾರೆ. ಸರಿಯೇ. ಆದರೆ ಯಾವ ಕಾಲುವೆಯ ಕೊಳಚೆ ತಡೆದರೆ ಕೆರೆಗೆ ಹೆಚ್ಚು ಲಾಭ ಎಂದು ದುಡ್ಡು ಸುರಿಯುವ ಮೊದಲೇ ತೂಗಿ ನೋಡಲಿಕ್ಕೂ ಇದೇ ಮಾದರಿ ಬೇಕು. ಅಲ್ಲಿಯವರೆಗೆ, ಮೊದಲ ಮಳೆಯ ಹಿಂದಿನ ಸಂಜೆ ಎಚ್ಚರಿಕೆ ಸಿಕ್ಕರೆ ರಾತ್ರಿ ಏರೇಟರ್ ಓಡಿಸಬಹುದು. ಮೀನು ಗುತ್ತಿಗೆ ಹಿಡಿದವನು ಒಂದು ದಿನ ಮುಂಚೆಯೇ ಬಲೆ ಬೀಸಬಹುದು.