ನಿಯಮವೇ ಪಾಠವಾದ ಆಟ

ಆಟದ ಮೂಲಕ ಕಲಿಸುವ ಪ್ರಯತ್ನಗಳಲ್ಲಿ ಎರಡು ಬಗೆಗಳಿವೆ. ಸರಿಯುತ್ತರ ಕೊಟ್ಟ ಮಗುವಿಗೆ ಅಂಕ, ನಕ್ಷತ್ರ, ಪದಕಗಳನ್ನು ಹಂಚುತ್ತ ಹೋಗುವುದು ಒಂದು. ಕಲಿಯಬೇಕಾದ ವಿಷಯವನ್ನೇ ಆಟದ ನಿಯಮಗಳಾಗಿ ಹೆಣೆದು, ಮಗು ತಾನೇ ತೀರ್ಮಾನ ಕೈಗೊಂಡು ಅದರ ಫಲವನ್ನು ಉಣ್ಣುವಂತೆ ಮಾಡುವುದು ಇನ್ನೊಂದು. ಮೊದಲನೆಯದು ಹಳೆಯ ಪ್ರಶ್ನೆಪತ್ರಿಕೆಗೆ ಬಣ್ಣ ಬಳಿದಂತೆ. ಶಾಲೆಗಳಿಗೆ ನಿಜಕ್ಕೂ ಬೇಕಾದದ್ದು ಎರಡನೆಯದು. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 1971ರಲ್ಲಿ ಹುಟ್ಟಿದ ‘ದಿ ಒರೆಗಾನ್ ಟ್ರೇಲ್’ ಎಂಬ ಕಂಪ್ಯೂಟರ್ ಆಟ ಇದಕ್ಕೆ ಉತ್ತಮ ನಿದರ್ಶನ.

ಮಿನಿಯಾಪೊಲಿಸ್ ನಗರದಲ್ಲಿ ಶಿಕ್ಷಕ ತರಬೇತಿಯ ಭಾಗವಾಗಿ ಎಂಟನೆಯ ತರಗತಿಗೆ ಚರಿತ್ರೆ ಬೋಧಿಸುತ್ತಿದ್ದ ಡಾನ್ ರಾವಿಚ್, ಹತ್ತೊಂಬತ್ತನೆಯ ಶತಮಾನದ ವಲಸಿಗರು ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಸಾಗಿದ ಪಾಠಕ್ಕೆಂದು ನಕಾಶೆಯ ಮೇಲೆ ಆಡುವ ಆಟವೊಂದನ್ನು ಯೋಜಿಸಿದ್ದರು. ಅವರ ಕೊಠಡಿಯ ಗೆಳೆಯರಾದ ಬಿಲ್ ಹೈನ್‌ಮನ್ ಮತ್ತು ಪಾಲ್ ಡಿಲ್ಲೆನ್‌ಬರ್ಗರ್ ಅದನ್ನು ‘ಬೇಸಿಕ್’ ಎಂಬ ಕಂಪ್ಯೂಟರ್ ಭಾಷೆಗೆ ಅಳವಡಿಸಿದರು. ಆಗ ತರಗತಿಯಲ್ಲಿ ಪರದೆಯೇ ಇರಲಿಲ್ಲ. ಇದ್ದದ್ದು ಟೆಲಿಟೈಪ್, ಅಂದರೆ ದೂರದ ಕಂಪ್ಯೂಟರಿನ ಉತ್ತರವನ್ನು ಕಾಗದದ ಸುರುಳಿಯ ಮೇಲೆ ಅಚ್ಚೊತ್ತುವ ಯಂತ್ರ. ಬೇಟೆಯಾಡಬೇಕಾದರೆ ‘ಬ್ಯಾಂಗ್’ ಎಂಬ ಪದವನ್ನು ಬೇಗನೆ ಟೈಪ್ ಮಾಡಬೇಕಿತ್ತು. ತಡವಾದಷ್ಟೂ ಮಾಂಸ ಕಡಿಮೆ.

1978ರಲ್ಲಿ ಅಚ್ಚಾದ ಆವೃತ್ತಿಯಲ್ಲಿ ಮಿಸ್ಸೂರಿಯ ಇಂಡಿಪೆಂಡೆನ್ಸ್‌ನಿಂದ ಒರೆಗಾನ್ ಸಿಟಿಗೆ 2,040 ಮೈಲಿಗಳ ದಾರಿಯಿದೆ. ಕೈಯಲ್ಲಿದ್ದ 900 ಡಾಲರುಗಳಲ್ಲಿ 200 ಗಾಡಿಗೇ ಹೋಗಿರುತ್ತದೆ. ಉಳಿದ 700ರಲ್ಲಿ ಎತ್ತು, ಆಹಾರ, ಮದ್ದುಗುಂಡು, ಬಟ್ಟೆ, ಇತರ ಸಾಮಗ್ರಿಗಳೆಲ್ಲ ಹೊಂದಬೇಕು. ಎತ್ತುಗಳಿಗೆ ಹೆಚ್ಚು ಸುರಿದರೆ ಗಾಡಿಯೇನೋ ವೇಗವಾಗಿ ಸಾಗುತ್ತದೆ, ಆದರೆ ಬಟ್ಟೆಗೆ ಹಣ ಉಳಿಯದೆ ಚಳಿಯಲ್ಲಿ ಕಾಯಿಲೆ ಬೀಳುವ ಸಂಭವ ಕಾದಿರುತ್ತದೆ. ವಲಸೆ ಏಕೆ ಅಷ್ಟು ಕಠಿಣವಾಗಿತ್ತು ಎಂಬುದನ್ನು ಯಾರೂ ಉರುಹೊಡೆಸಬೇಕಾಗಿಲ್ಲ. ಬರಿದಾಗುತ್ತಿರುವ ಲೆಕ್ಕವೇ ಅದನ್ನು ಹೇಳುತ್ತದೆ.

ಇದಕ್ಕಿಂತ ಗಮನಾರ್ಹವಾದದ್ದು 1974ರ ಕೆಲಸ. ಶಾಲೆಗಳಿಗೆ ಕಂಪ್ಯೂಟರ್ ಸೌಲಭ್ಯ ಒದಗಿಸಲು ಸ್ಥಾಪಿತವಾಗಿದ್ದ ಮಿನ್ನೆಸೋಟ ರಾಜ್ಯದ ಸಂಸ್ಥೆಯನ್ನು ಸೇರಿದ ರಾವಿಚ್, ವಲಸಿಗರ ದಿನಚರಿಗಳನ್ನು ಓದಿ, ಕಾಯಿಲೆ, ಕೆಟ್ಟ ಹವಾಮಾನ, ಅಪಘಾತಗಳು ಅವುಗಳಲ್ಲಿ ಎಷ್ಟು ಸಲ ಕಾಣಿಸುತ್ತವೆಂದು ಗಮನಿಸಿ, ಆಟದಲ್ಲಿ ಅವುಗಳ ಸಂಭವನೀಯತೆಯನ್ನು, ಎಂದರೆ ಅವು ಎದುರಾಗುವ ಸಾಧ್ಯತೆಯ ಪ್ರಮಾಣವನ್ನು, ತಿದ್ದಿದರು. ಚರಿತ್ರೆಯ ಆಕರಗಳು ಹೀಗೆ ಆಟದ ಗಣಿತವಾದವು. ಇಂದಿನ ಅನೇಕ ದುಬಾರಿ ಕಲಿಕಾ ಆ್ಯಪ್‌ಗಳಲ್ಲಿ ಕಾಣೆಯಾಗಿರುವುದು ಈ ಶ್ರಮವೇ.

ಒಂದೇ ಯಂತ್ರದ ಸುತ್ತ ಮಕ್ಕಳು ಗುಂಪಾಗಿ ಕುಳಿತು, ಚರ್ಚಿಸಿ ತೀರ್ಮಾನಿಸುತ್ತಿದ್ದ ಆ ಕ್ರಮವು, ಇಡೀ ತರಗತಿಗೆ ಒಂದೇ ಕಂಪ್ಯೂಟರ್ ಇರುವ ಕರ್ನಾಟಕದ ಶಾಲೆಗಳಿಗೂ ಸಲ್ಲುವಂಥದು. ಮಗುವಿಗೊಂದು ಯಂತ್ರ ಬರುವವರೆಗೆ ಕಾಯಬೇಕಾಗಿಲ್ಲ.

ಆದರೆ ನಿಯಮಗಳಿಗೂ ಒಂದು ಪಕ್ಷವಿರುತ್ತದೆ. ಈ ಆಟ ದಶಕಗಳ ಕಾಲ ವಲಸಿಗರ ಕಣ್ಣಿನಿಂದಲೇ ಆ ನೆಲವನ್ನು ತೋರಿಸಿತು. ಅಲ್ಲಿಯೇ ಬಾಳುತ್ತಿದ್ದ ಮೂಲನಿವಾಸಿಗಳು ದಾರಿಹೋಕರ ಬದುಕಿನ ಅಂಚಿನಲ್ಲಿ ಬಂದುಹೋಗುವ ಪಾತ್ರಗಳಾಗಿ ಉಳಿದರು. 2021ರಲ್ಲಿ ಗೇಮ್‌ಲಾಫ್ಟ್ ಸಂಸ್ಥೆ ಹೊರತಂದ ಹೊಸ ಆವೃತ್ತಿಗೆ ಮೂಲನಿವಾಸಿ ಚರಿತ್ರೆಯ ವಿದ್ವಾಂಸರ ಸಲಹೆ ಪಡೆದು, ಆ ಜನರ ಚಿತ್ರಣವನ್ನು ತಿದ್ದಲಾಯಿತು. ಹಳೆಯ ಆವೃತ್ತಿಯನ್ನೇ ಬಳಸುವ ಶಿಕ್ಷಕರು, ಆಟ ಮುಗಿದೊಡನೆ, ಈ ಗಾಡಿಗಳು ಯಾರ ಭೂಮಿಯ ಮೇಲೆ ಹಾದುಹೋದವು ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡಬೇಕಾಗುತ್ತದೆ.