ಲ್ಯಾರಿ ಕಕ್ಕಿದ್ದು ಎಲ್ಲಿಯವರೆಗೆ ಹೋಯಿತು?

ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯಲ್ಲಿ ಬಕ್ಸ್‌ಟನ್ ಎಂಬ ಪಟ್ಟಣವಿದೆ. ಅಲ್ಲಿನ ಹೆಲ್ತ್ ಅಂಡ್ ಸೇಫ್ಟಿ ಲ್ಯಾಬೊರೇಟರಿಯಲ್ಲಿ ಲ್ಯಾರಿ ಎಂಬ ಬೊಂಬೆಯನ್ನು ಒಂದೇ ಕೆಲಸಕ್ಕೆಂದು ತಯಾರಿಸಿದರು: ವಾಂತಿ ಮಾಡುವುದಕ್ಕೆ. ವೈದ್ಯಕೀಯ ತರಬೇತಿಯಲ್ಲಿ ಬಳಸುವ ತಲೆಯ ಮಾದರಿಗೆ ಸಿಲಿಂಡರು, ಪಿಸ್ಟನ್ನು ಜೋಡಿಸಿ ಲ್ಯಾರಿಗೆ ಹೊಟ್ಟೆ ಕೊಟ್ಟವರು ಸಂಶೋಧಕಿ ಕ್ಯಾಥರೀನ್ ಮೇಕಿಸನ್-ಬೂತ್. ಹೊಟ್ಟೆಯಲ್ಲಿ ತುಂಬಿಸಿದ್ದು ಬರೀ ನೀರು. ಆದರೆ ಅದರಲ್ಲಿ ನೇರಳಾತೀತ ಬೆಳಕು ಬಿದ್ದರೆ ಹೊಳೆಯುವ ಬಣ್ಣ ಬೆರೆಸಿದ್ದರು.

ಇಡೀ ಪ್ರಯೋಗದ ಜೀವಾಳ ಈ ಬಣ್ಣ. ಲ್ಯಾರಿ ಒಮ್ಮೆ ಕಕ್ಕಿದ ಮೇಲೆ ಕೋಣೆಯ ಮಾಮೂಲಿ ದೀಪದಲ್ಲಿ ನೋಡಿದರೆ ಎದುರಿಗೊಂದು ದೊಡ್ಡ ಮಡು, ಸುತ್ತ ಒಂದಷ್ಟು ಹನಿ. ಯಾರಾದರೂ ಒರೆಸುವುದು ಅಷ್ಟನ್ನೇ. ದೀಪ ಆರಿಸಿ ನೇರಳಾತೀತ ಬೆಳಕು ಹಾಯಿಸಿದರೆ ಅದುವರೆಗೆ ಕಣ್ಣಿಗೇ ಬೀಳದಿದ್ದ ಸಣ್ಣ ಸಣ್ಣ ಹನಿಗಳು ದೂರದೂರದವರೆಗೆ ಹೊಳೆದವು. ಮುಂದಕ್ಕೆ 3 ಮೀಟರಿಗೂ ಹೆಚ್ಚು, ಅಕ್ಕಪಕ್ಕಕ್ಕೆ 2.6 ಮೀಟರ್, ಒಟ್ಟು 7.8 ಚದರ ಮೀಟರ್ ಎಂದು 2014ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಹೇಳುವುದಾದರೆ ಹತ್ತು-ಎಂಟರ ಒಂದು ಕೋಣೆ ಪೂರ್ತಿ!

ಮಗುವಿನ ಹೊಟ್ಟೆ ಲ್ಯಾರಿಯ ಹೊಟ್ಟೆಗಿಂತ ಚಿಕ್ಕದು, ಎತ್ತರವೂ ಕಮ್ಮಿ. ಹಾಗಾಗಿ ಮನೆಯಲ್ಲಿ ಪ್ರತಿ ಸಲವೂ ಮೂರು ಮೀಟರು ಸಿಡಿಯುತ್ತದೆ ಎಂದೇನಲ್ಲ. ಆದರೂ ತಾಯಂದಿರ ಒಂದು ಹಳೆಯ ಪ್ರಶ್ನೆಗೆ ಲ್ಯಾರಿ ಉತ್ತರ ಕೊಟ್ಟಿದ್ದಾನೆ. ಫಿನಾಯಿಲ್ ಹಾಕಿ ಮೂರು ಮೂರು ಸಲ ಒರೆಸಿದರೂ ಮಗುವಿನ ಹಿಂದೆಯೇ ಅಕ್ಕ, ಅಪ್ಪ, ಅಜ್ಜಿ ಒಬ್ಬರಾದ ಮೇಲೊಬ್ಬರು ಮಲಗುವುದೇಕೆ? ಒರೆಸಿದ್ದು ಕಂಡ ಜಾಗವನ್ನು. ಮಂಚದ ಕಾಲು, ಬಾಗಿಲ ಚಿಲಕ, ಕೆಳಗಿನ ಗೂಡಿನಲ್ಲಿದ್ದ ಆಟಿಕೆ, ಮುಚ್ಚಳವಿಲ್ಲದ ನೀರಿನ ಕೊಡ ಹಾಗೆಯೇ ಉಳಿದವು.

ಲ್ಯಾರಿಯನ್ನು ಹುಟ್ಟಿಸಿದ್ದು ವಾಂತಿಭೇದಿ ತರುವ ನೊರೊವೈರಸ್‌ನ ಕಾಟ. ಅಮೆರಿಕದ ಓಹಾಯೋ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯಲ್ಲಿ 1968ರಲ್ಲಿ ಮಕ್ಕಳು ಸಾಲುಸಾಲಾಗಿ ವಾಂತಿ ಮಾಡಿಕೊಂಡರು. ಅಲ್ಲಿಂದ ಬಂದ ಮಾದರಿಯಲ್ಲಿ ಆಲ್ಬರ್ಟ್ ಕಪಿಕಿಯನ್ 1972ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಈ ವೈರಸ್ಸಿನ ಕಣವನ್ನು ಕಂಡರು. ಊರಿನ ಹೆಸರೇ ವೈರಸ್ಸಿಗೆ ಅಂಟಿಕೊಂಡಿತು. ನಮ್ಮ ನೆರೆಯಲ್ಲೂ ಇದು ಕಾಣಿಸಿಕೊಂಡಿದೆ. ಮೈಸೂರು, ಕೊಡಗಿಗೆ ಹೊಂದಿಕೊಂಡ ವಯನಾಡಿನ ಪೂಕೋಡ್ ಪಶುವೈದ್ಯಕೀಯ ಕಾಲೇಜಿನ 13 ವಿದ್ಯಾರ್ಥಿಗಳಲ್ಲಿ 2021ರ ನವೆಂಬರಿನಲ್ಲಿ ಪತ್ತೆಯಾದದ್ದು ಇದೇ ವೈರಸ್.

ರೋಗ ತಗುಲಲು ಹತ್ತರಿಂದ ನೂರು ಕಣ ಸಾಕು ಎನ್ನುತ್ತಾರೆ ತಜ್ಞರು. ಒಂದು ವಾಂತಿಯಲ್ಲಿ ಇರುವುದು ಲಕ್ಷ, ಕೋಟಿಗಳ ಲೆಕ್ಕದಲ್ಲಿ. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು 2015ರಲ್ಲಿ ಮಣ್ಣಿನ ಮುಖದ ಇನ್ನೊಂದು ವಾಂತಿಯಂತ್ರ ಕಟ್ಟಿ, ಮನುಷ್ಯರಿಗೆ ಅಪಾಯವಿಲ್ಲದ ವೈರಸ್ಸೊಂದನ್ನು ಅದರಿಂದ ಕಕ್ಕಿಸಿದರು. ಗಾಳಿಯಲ್ಲಿ ತೇಲಿದ್ದು ಶೇ. 0.03ಕ್ಕಿಂತ ಕಡಿಮೆ. ಕೋಟಿಯಲ್ಲಿ ಅಷ್ಟು ಎಂದರೂ ಸಾವಿರಗಟ್ಟಲೆ ಕಣಗಳು.

ಯಂತ್ರದ ಮಾತು ಬಿಡಿ, ನಿಜವಾಗಿ ನಡೆದದ್ದನ್ನೇ ನೋಡಿ. 2010ರಲ್ಲಿ ಆರಿಗಾನ್ ರಾಜ್ಯದ ಹುಡುಗಿಯರ ಫುಟ್‌ಬಾಲ್ ತಂಡ ಪಂದ್ಯಾವಳಿಗೆಂದು ಹೋಗಿ ಹೋಟೆಲಿನಲ್ಲಿ ಉಳಿದಿತ್ತು. ರಾತ್ರಿ ಒಬ್ಬ ಹುಡುಗಿಗೆ ವಾಂತಿಭೇದಿ ಶುರುವಾಯಿತು. ಅವಳು ಬಳಸಿದ ಬಚ್ಚಲುಮನೆಯಲ್ಲಿ ತಿಂಡಿಯ ಚೀಲವೊಂದಿತ್ತು. ಹುಡುಗಿ ಅದನ್ನು ಮುಟ್ಟಲೂ ಇಲ್ಲ. ಮರುದಿನ ಅವಳು ತಂಡವನ್ನು ಬಿಟ್ಟು ಮನೆಗೆ ಹೊರಟಳು. ಆದರೆ ಆ ಚೀಲದಿಂದ ತೆಗೆದ ಬಿಸ್ಕತ್ತು ತಿಂದ ಗೆಳತಿಯರು ಕಾಯಿಲೆ ಬಿದ್ದರು. ಎರಡು ವಾರ ಕಳೆದ ಮೇಲೂ ಚೀಲದ ಹೊರಮೈಯಲ್ಲಿ ವೈರಸ್ಸಿನ ಗುರುತು ಸಿಕ್ಕಿತು. ವೇಲ್ಸ್‌ನ ಸಂಗೀತ ಸಭಾಂಗಣವೊಂದರಲ್ಲಿ 1999ರಲ್ಲಿ ಪ್ರೇಕ್ಷಕರೊಬ್ಬರು ವಾಂತಿ ಮಾಡಿಕೊಂಡರು. ಮರುದಿನ ಅಲ್ಲಿಗೆ ಶಾಲಾಮಕ್ಕಳು ಬಂದರು. ಮುನ್ನೂರಕ್ಕೂ ಹೆಚ್ಚು ಮಂದಿಗೆ ಕಾಯಿಲೆ ತಗುಲಿತು. ಶುಚಿ ಮಾಡಿರಲಿಲ್ಲವೆಂದಲ್ಲ, ಮಾಡಿದ್ದು ಸಾಲದಾಗಿತ್ತು.

ಇತ್ತ ನಮ್ಮಲ್ಲಿ, ಮದುವೆಗೆ ಹೋಗಿಬಂದ ಮಗು ಮರುರಾತ್ರಿ ವಾಂತಿ ಮಾಡಿಕೊಂಡರೆ ಯಾರದೋ ಕಣ್ಣು ಬಿತ್ತು ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸುವ ಮನೆಗಳು ಇನ್ನೂ ಇವೆ. ಮದುವೆಮನೆಯ ಮೇಲಿನ ಗುಮಾನಿ ಎಷ್ಟೋ ಸಲ ಸರಿಯೇ. ತಪ್ಪಿರುವುದು ಕಣ್ಣಿನ ಮೇಲೆ ಹೊರಿಸುವುದರಲ್ಲಿ. ನೊರೊವೈರಸ್ ಹೊಟ್ಟೆ ಸೇರಿದ 12ರಿಂದ 48 ಗಂಟೆಯೊಳಗೆ ಲಕ್ಷಣ ತೋರಿಸುತ್ತದೆ. ಗುಣವಾಗಿ ಓಡಾಡುತ್ತಿರುವವರ ಮಲದಲ್ಲೂ ಎರಡು ವಾರ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ, ಹೊರಬೀಳುತ್ತಿರುತ್ತದೆ. ಪಂಕ್ತಿಯಲ್ಲಿ ಕೋಸಂಬರಿ ಬಡಿಸಿದ ಕೈಯನ್ನು ಬಿಟ್ಟು ನೆಂಟರ ಕಣ್ಣನ್ನು ದೂರುವುದು ದಡ್ಡತನ. ಅದಕ್ಕಿಂತ ದೊಡ್ಡ ದಡ್ಡತನ, ಮಗುವಿನ ಬಾಯಿ ಒರೆಸಿದ ಕೈಯಲ್ಲೇ ನಿವಾಳಿಸಿ, ಅದೇ ಕೈಯಲ್ಲಿ ಒಲೆಯ ಮುಂದೆ ನಿಲ್ಲುವುದು. ವಾಂತಿ ನಿಲ್ಲುವವರೆಗೆ ನೀರು ಕೊಡಬಾರದು ಎಂಬ ಮಾತನ್ನಂತೂ ಕಿವಿಗೇ ಹಾಕಿಕೊಳ್ಳಬಾರದು. ಓಆರ್‌ಎಸ್ ನೀರನ್ನು ಚಮಚ ಚಮಚವಾಗಿ ಕೊಡುತ್ತಲೇ ಇರಬೇಕು.

ಇನ್ನೊಂದು ಹೊಸ ಮೂಢನಂಬಿಕೆ ಕೋವಿಡ್ ಕಾಲದಲ್ಲಿ ಹುಟ್ಟಿತು: ಕೈಗೆ ಸ್ಯಾನಿಟೈಸರ್ ಸವರಿದರೆ ಎಲ್ಲ ಸತ್ತಂತೆ ಎಂಬುದು. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇತ್ತು, ಆಲ್ಕೊಹಾಲ್ ಅದನ್ನು ಕರಗಿಸಿತು. ನೊರೊವೈರಸ್ಸಿನದು ಬರೀ ಪ್ರೋಟೀನಿನ ಗಟ್ಟಿ ಕವಚ. ಆಲ್ಕೊಹಾಲಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಉಜ್ಜಿದರೆ ಸಾಯದಿದ್ದರೂ ಕೈಬಿಟ್ಟು ಹೋಗುತ್ತದೆ. ಫಿನಾಯಿಲಿನ ಘಮವನ್ನೂ ನಂಬಿ ಕೂರುವಂತಿಲ್ಲ. ಬೇಕಾದದ್ದು ಕ್ಲೋರಿನ್, ಅಂದರೆ ಬ್ಲೀಚಿಂಗ್ ಪುಡಿ.

ಮನೆಯಲ್ಲಿ ಯಾರಾದರೂ ವಾಂತಿ ಮಾಡಿಕೊಂಡರೆ ಮೊದಲು ಫ್ಯಾನ್ ಆರಿಸಿ, ಕಿಟಕಿ ತೆಗೆದು, ಉಳಿದ ಮಕ್ಕಳನ್ನು ಆಚೆ ಕಳಿಸಬೇಕು. ಕೈಗವಸು, ಮಾಸ್ಕ್ ಹಾಕಿಕೊಂಡೇ ಕೆಲಸ ಶುರು. ವಾಂತಿಯ ಮೇಲೆ ಬೂದಿ, ಮರಳು ಸುರಿಯುತ್ತಿದ್ದ ಹಳ್ಳಿಯ ಅಜ್ಜಿಯರು ಸರಿಯಾದದ್ದನ್ನೇ ಮಾಡುತ್ತಿದ್ದರು. ಹೀರಿಕೊಂಡದ್ದು ಸಿಡಿಯುವುದಿಲ್ಲ. ಬೂದಿ ಇಲ್ಲದಿದ್ದರೆ ಹಳೆಯ ಪತ್ರಿಕೆ ಸಾಕು. ಪೊರಕೆ ಬೇಡ, ಬಕೆಟ್ ನೀರನ್ನು ರಪ್ಪನೆ ಎರಚುವುದೂ ಬೇಡ. ಅಂಚಿನಿಂದ ನಡುವಿನ ಕಡೆಗೆ ಬಳಿದು, ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಆಮೇಲೆ ಸೋಪಿನ ನೀರು. ಕೊಳೆ ಉಳಿದಿದ್ದರೆ ಕ್ಲೋರಿನ್ನಿನ ಶಕ್ತಿಯೆಲ್ಲ ಅದರ ಮೇಲೇ ಕರಗಿಹೋಗುತ್ತದೆ. ಕೊನೆಗೆ ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಸುಮಾರು 15 ಗ್ರಾಂ, ಬ್ಲೀಚಿಂಗ್ ಪುಡಿ ಕಲಸಿ, ತಿಳಿಯಾದ ನೀರನ್ನು ಸುತ್ತಲೂ ಕೈಗೆಟಕುವ ಮೇಲ್ಮೈಗಳಿಗೆಲ್ಲ ಸವರಿ, ಐದರಿಂದ ಹತ್ತು ನಿಮಿಷ ಹಾಗೇ ಬಿಟ್ಟು ಒರೆಸಬೇಕು. ಡಬ್ಬಿ ತೆರೆದಿಟ್ಟ ಹಳೇ ಪುಡಿಗೆ ಕಸುವಿರುವುದಿಲ್ಲ. ಕಕ್ಕಸು ತೊಳೆಯುವ ಆಸಿಡ್ಡಿಗೆ ಇದನ್ನು ಎಂದೂ ಬೆರೆಸಕೂಡದು, ವಿಷಾನಿಲ ಏಳುತ್ತದೆ. ಹಾಸಿಗೆ ಬಟ್ಟೆಯನ್ನು ಕೊಡವದೆ ಮಡಿಸಿ ಒಯ್ದು, ಬೇರೆಯಾಗಿ ಬಿಸಿನೀರಿನಲ್ಲಿ ಒಗೆಯಬೇಕು. ಹತ್ತಿರ ತೆರೆದಿಟ್ಟಿದ್ದ ನೀರು, ಹಣ್ಣು, ತಿಂಡಿಯನ್ನು ಚೆಲ್ಲಿಬಿಡುವುದೇ ಕ್ಷೇಮ.

ಮಗು ಗೆಲುವಾಗಿ ಆಡತೊಡಗಿದ ಕೂಡಲೇ ಶಾಲೆಗೆ ಅಟ್ಟುವುದು ಬೇಡ. ಕೊನೆಯ ವಾಂತಿಭೇದಿಯಾಗಿ ಎರಡು ದಿನ ಕಳೆಯಲಿ. ಇನ್ನು, ವಾಂತಿ ಬಳಿದು ಒರೆಸುವ ಕೆಲಸ ಎಷ್ಟೋ ಕಡೆ ಬೀಳುವುದು ಮನೆಗೆಲಸದವರ ಮೇಲೆ, ಶಾಲೆಗಳಲ್ಲಿ ಆಯಾಗಳ ಮೇಲೆ. ಅವರ ಕೈಗೆ ಹಳೇ ಬಟ್ಟೆಯೊಂದನ್ನು ಕೊಟ್ಟು ದೂರ ನಿಲ್ಲುವ ರೂಢಿ ಇಂದಿಗೇ ನಿಲ್ಲಬೇಕು. ಪ್ರತಿ ಶಾಲೆಯೂ, ಪ್ರತಿ ಮನೆಯೂ ಅವರಿಗಾಗಿ ಒಂದು ಜೊತೆ ರಬ್ಬರ್ ಕೈಗವಸು, ಮಾಸ್ಕ್, ಮುಚ್ಚಳ ಬಿಗಿಯಾದ ಒಂದು ಡಬ್ಬಿ ಬ್ಲೀಚಿಂಗ್ ಪುಡಿಯನ್ನು ಈ ವಾರವೇ ತಂದಿಡಲಿ.