ತಿರುಗುವ ತಟ್ಟೆಯ ಏದುಸಿರು

ನಮ್ಮ ಬಡಾವಣೆಯ ಡಿಟಿಪಿ ಅಂಗಡಿ. ಮದುವೆ ಸೀಸನ್ನಿನ ಸಂಜೆ. ಲಗ್ನಪತ್ರಿಕೆಯ ಪ್ರೂಫ್ ನೋಡಲು ಬಂದವರು ಬೆಂಚಿನ ಮೇಲೆ ಕೂತು ಅರ್ಧ ಗಂಟೆಯಾಗಿದೆ. ಪರದೆಯ ಮೇಲೆ ನೀಲಿ ಬಳೆ ಸುತ್ತುತ್ತಲೇ ಇದೆ, ಪೇಜ್‌ಮೇಕರ್ ತೆರೆದುಕೊಳ್ಳುತ್ತಿಲ್ಲ. ಕ್ಯಾಬಿನೆಟ್ಟಿನ ಮುಂದಿನ, ಹಾರ್ಡ್ ಡಿಸ್ಕಿನ ಕೆಂಪು ದೀಪ ಮಿಣುಕುವುದನ್ನು ಬಿಟ್ಟು ಒಂದೇ ಸಮ ಉರಿಯುತ್ತಿದೆ.

‘ಫಾರ್ಮ್ಯಾಟ್ ಹೊಡೆದ್ರೆ ಸರಿಹೋಗುತ್ತೆ ಅಂತಾರೆ. ಹೊಡೆಸಿಬಿಡ್ಲಾ ಸರ್?’ ಎಂದು ಅಂಗಡಿಯವರು ಕೇಳಿದರು. ‘ಬೇಡಿ, ಮೊದಲು ನೋಡೋಣ’ ಎಂದೆ. ಅವರ ಹದಿಮೂರು ವರ್ಷದ ದುಡಿಮೆ ಆ ಒಂದೇ ಡಿಸ್ಕಿನಲ್ಲಿತ್ತು.

ಹಳೆಯ ಕಂಪ್ಯೂಟರ್ ನಿಧಾನವಾದರೆ ವಯಸ್ಸಾಯಿತು ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಹಾರ್ಡ್ ಡಿಸ್ಕ್ ನಿಧಾನವಾಗುವುದು ಎರಡು ಬಗೆಯಲ್ಲಿ. ಒಂದು ದಣಿವು: ಡಿಸ್ಕ್ ಗಟ್ಟಿಯಾಗಿದೆ, ಅದರ ಶಕ್ತಿಗೆ ಮೀರಿದ ಓಡಾಟ ಬಿದ್ದಿದೆ. ಇನ್ನೊಂದು ಕಾಯಿಲೆ: ತಟ್ಟೆಯಲ್ಲೋ ಹೆಡ್ಡಿನಲ್ಲೋ ಕೇಬಲ್ಲಿನಲ್ಲೋ ಕೆಡುಕಿದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ದಣಿವಿಗೆ ಮಾಡುವ ಉಪಚಾರ ಕಾಯಿಲೆಯ ಡಿಸ್ಕನ್ನು ಕೊಂದೇಬಿಡಬಹುದು. ಅದಕ್ಕೇ ನನ್ನ ಆತಂಕ.

ಕಂಪ್ಯೂಟರಿನ ಒಳಗೆ ಬಹುತೇಕ ಎಲ್ಲವೂ ಕದಲದೆ ಕೆಲಸ ಮಾಡುವ ವಸ್ತುಗಳು. ಫ್ಯಾನ್ ಬಿಟ್ಟರೆ ನಿಜವಾಗಿ ಓಡಾಡುವುದು ಹಾರ್ಡ್ ಡಿಸ್ಕ್ ಒಂದೇ. ಕಾಂತೀಯ ಲೇಪನದ ತಟ್ಟೆಗಳು ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕಿನಲ್ಲಿ ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ಗಾಳಿಯ ತೆಳುಪದರದ ಮೇಲೆ ಹೆಡ್ ತೇಲುತ್ತದೆ. ಬೇಕಾದ ಮಾಹಿತಿ ಓದಬೇಕಾದರೆ ಹೆಡ್ ಮೊದಲು ಸರಿಯಾದ ಟ್ರ್ಯಾಕಿಗೆ ಸರಿಯಬೇಕು. ಇದಕ್ಕೆ ಸರಾಸರಿ 8–9 ಮಿಲಿಸೆಕೆಂಡು. ಆಮೇಲೆ ಬೇಕಾದ ಸೆಕ್ಟರ್ ತಿರುಗಿಕೊಂಡು ಹೆಡ್ಡಿನ ಕೆಳಗೆ ಬರುವತನಕ ಕಾಯಬೇಕು. ಒಂದು ಸುತ್ತಿಗೆ 8.3 ಮಿಲಿಸೆಕೆಂಡು, ಅಂದರೆ ಸರಾಸರಿ ಕಾಯುವಿಕೆ ಅದರರ್ಧ. ಜಾತ್ರೆಯಲ್ಲಿ ಸುತ್ತುವ ಮರದ ಕುದುರೆಯ ಮೇಲೆ ಕೂತ ಮಗುವಿಗೆ ಬತ್ತಾಸು ಕೊಡಲು ನಿಂತ ಅಪ್ಪನ ಪಾಡು ಹೆಡ್ಡಿನದ್ದು. ಕೈತಪ್ಪಿತೋ, ಮತ್ತೊಂದು ಸುತ್ತು ಕಾಯಬೇಕು.

ಎರಡನ್ನೂ ಕೂಡಿಸಿದರೆ ಒಂದು ಹುಡುಕಾಟಕ್ಕೆ ಸುಮಾರು 12–13 ಮಿಲಿಸೆಕೆಂಡು. ಸೆಕೆಂಡಿಗೆ ಹೆಚ್ಚೆಂದರೆ 80 ಹುಡುಕಾಟ. ಒಂದೇ ಸಾಲಿನಲ್ಲಿರುವ ದೊಡ್ಡ ವಿಡಿಯೊ ಫೈಲನ್ನು ಇದೇ ಡಿಸ್ಕ್ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಓದುತ್ತದೆ. ಆದರೆ ಅಲ್ಲಲ್ಲಿ ಚೆದುರಿದ 4 ಕೆಬಿಯ ಚೂರುಗಳನ್ನು ಕೇಳಿದರೆ, 80 ಗುಣಿಸು 4, ಸೆಕೆಂಡಿಗೆ 320 ಕೆಬಿ ಅಷ್ಟೆ. ಮುನ್ನೂರು ಪಟ್ಟು ಕುಸಿತ! ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ಎಂದು ಕೆಂಪಾಗಿದ್ದರೂ ಅದರ ಪಕ್ಕದಲ್ಲಿ ಸೆಕೆಂಡಿಗೆ 1 ಎಂಬಿಯೂ ಇಲ್ಲದ್ದನ್ನು ಕಂಡು ಗಾಬರಿಯಾದವರು ಎಷ್ಟೋ ಜನ. ಅಲ್ಲಿ ಸುಳ್ಳೇನೂ ಇಲ್ಲ. ಆ 100% ಡಿಸ್ಕ್ ಎಷ್ಟು ಹೊತ್ತು ಬಿಡುವಿಲ್ಲದೆ ಇತ್ತು ಎನ್ನುವುದರ ಲೆಕ್ಕ, ಎಷ್ಟು ಸರಕು ಸಾಗಿಸಿತು ಎನ್ನುವುದರದ್ದಲ್ಲ.

1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು. ಅದು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ, ತಿರುಗುತ್ತಿದ್ದುದು ನಿಮಿಷಕ್ಕೆ 1200 ಸುತ್ತು. ಇಂದಿನ 1 ಟಿಬಿ ಡಿಸ್ಕಿನ ಹೊಟ್ಟೆ ಅದಕ್ಕಿಂತ ಎರಡು ಲಕ್ಷ ಪಟ್ಟಿಗೂ ದೊಡ್ಡದು. ಸುತ್ತುವ ವೇಗ ಮಾತ್ರ ಆರು ಪಟ್ಟು. ಹಳೆಯ ಡೆಸ್ಕ್‌ಟಾಪಿನ ಸಂಕಟವೆಲ್ಲ ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ ಎಂದು ನನಗನ್ನಿಸುತ್ತದೆ.

ದಣಿವಿನ ಕಾರಣಗಳಲ್ಲಿ ಮೊದಲನೆಯದು ಡಿಸ್ಕಿನದ್ದೇ ಅಲ್ಲ, ರ‍್ಯಾಮ್‌ನದು. 2 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಇಂದಿನ ಬ್ರೌಸರ್ ತೆರೆದರೆ ಜಾಗ ಸಾಲದೆ ವಿಂಡೋಸ್ ಒಂದಷ್ಟನ್ನು ಎತ್ತಿ ಡಿಸ್ಕಿನ ಪೇಜ್ ಫೈಲಿಗೆ ಹಾಕುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ರ‍್ಯಾಮ್‌ನಿಂದ ಓದಲು ಸುಮಾರು 100 ನ್ಯಾನೋಸೆಕೆಂಡು ಸಾಕು. ಅದನ್ನು ಒಂದು ಸೆಕೆಂಡು ಎಂದುಕೊಂಡರೆ ಡಿಸ್ಕಿಗೆ ಹೋಗಿಬರಲು ಒಂದೂವರೆ ದಿನ ಹಿಡಿಯುತ್ತದೆ. ಇಂಥ ಯಂತ್ರದ ಡಿಸ್ಕನ್ನು ಬೈದು ಫಲವಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ 90% ದಾಟಿದ್ದರೆ ಮೊದಲು ರ‍್ಯಾಮ್ ಹಾಕಿಸಿ. ಆಂಟಿವೈರಸ್ಸಿನ ಸ್ಕ್ಯಾನು, ವಿಂಡೋಸ್ ಅಪ್‌ಡೇಟು, ಫೈಲುಗಳ ಇಂಡೆಕ್ಸಿಂಗು ಒಟ್ಟಿಗೆ ಹೊರಟಾಗಲೂ ಹೀಗೇ ಆಗುತ್ತದೆ. ಅವು ಮುಗಿಯುವತನಕ ಬಿಟ್ಟುಬಿಡುವುದೇ ಮದ್ದು.

ಡಿಫ್ರ್ಯಾಗ್ ಬಗ್ಗೆ ನಮ್ಮಲ್ಲಿ ಅತಿಯಾದ ಭಕ್ತಿಯಿದೆ. ಚೆದುರಿದ ಫೈಲಿನ ಚೂರುಗಳನ್ನು ಒಟ್ಟುಗೂಡಿಸಿದರೆ ಹೆಡ್ಡಿನ ಅಲೆದಾಟ ತಗ್ಗುವುದು ನಿಜ. ಆದರೆ ವಿಸ್ತಾದಿಂದೀಚೆಗೆ ವಿಂಡೋಸ್ ಅದನ್ನು ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುತ್ತದೆ. ಡಿಸ್ಕ್ ಕಂಠಮಟ್ಟ ತುಂಬಿದ್ದರೆ ಸ್ವಲ್ಪ ಖಾಲಿ ಮಾಡುವುದು ಅದಕ್ಕಿಂತ ಮೇಲು. ತಟ್ಟೆಯ ಹೊರಸುತ್ತಿನಲ್ಲಿ ಉದ್ದ ಹೆಚ್ಚು, ಸೆಕ್ಟರುಗಳೂ ಹೆಚ್ಚು. ಒಳಸುತ್ತಿಗೆ ಬಂದಂತೆ ಓದುವ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಡಿಸ್ಕ್ ತುಂಬುವುದು ಹೊರಗಿನಿಂದ ಒಳಕ್ಕೆ.

ಈಗ ಕಾಯಿಲೆಗೆ ಬರೋಣ. ಒಂದು ಸೆಕ್ಟರ್ ಸರಿಯಾಗಿ ಓದಲು ಬರದಿದ್ದರೆ ಡಿಸ್ಕ್ ಕೂಡಲೇ ಕೈಚೆಲ್ಲುವುದಿಲ್ಲ. ಮತ್ತೆ ಓದುತ್ತದೆ, ಹೆಡ್ಡನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಮತ್ತೆ ಓದುತ್ತದೆ. ಪ್ರತಿ ಯತ್ನಕ್ಕೂ ಒಂದು ಪೂರ್ತಿ ಸುತ್ತು. ಹೀಗೆ ಹತ್ತಾರು ಸೆಕೆಂಡು ಹೋರಾಡುವುದುಂಟು, ಅಷ್ಟು ಹೊತ್ತೂ ವಿಂಡೋಸ್ ಬಾಯಿ ತೆರೆದು ಕಾಯುತ್ತದೆ. ನಾವು ‘ಹ್ಯಾಂಗ್’ ಎನ್ನುತ್ತೇವೆ. ಯುಪಿಎಸ್ ಬ್ಯಾಟರಿ ಸತ್ತುಹೋಗಿ, ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಇಂಥ ಅರೆಬರೆ ಸೆಕ್ಟರು ಹುಟ್ಟಬಹುದು. ಆ ಕ್ಷಣದಲ್ಲೂ ಡಿಸ್ಕ್ ತಿರುಗುತ್ತಿರುವ ತಟ್ಟೆಯ ವೇಗದಿಂದಲೇ ವಿದ್ಯುತ್ ಹುಟ್ಟಿಸಿಕೊಂಡು ಹೆಡ್ಡನ್ನು ಸುರಕ್ಷಿತ ಜಾಗಕ್ಕೆ ಸರಿಸಿಬಿಡುತ್ತದೆ. ಈ ಜಾಣ್ಮೆಗೆ ನಾನು ಪ್ರತಿಸಲ ಬೆರಗಾಗುತ್ತೇನೆ.

ಡಿಸ್ಕ್ ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆ. ಇದಕ್ಕೆ ಸ್ಮಾರ್ಟ್ ದಾಖಲೆ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಓದಬಹುದು. ಮೂರು ಸಾಲು ನೋಡಿದರೆ ಸಾಕು. 05 ಎಂಬುದು ಕೆಟ್ಟಿತೆಂದು ಬದಲಿ ಜಾಗ ಕೊಟ್ಟ ಸೆಕ್ಟರುಗಳ ಎಣಿಕೆ. ಸಿ5 ಎಂಬುದು ಓದಲು ತಿಣುಕಾಡುತ್ತ ತೀರ್ಮಾನಕ್ಕೆ ಕಾಯುತ್ತಿರುವವುಗಳದ್ದು. ಸಿ7 ಏರುತ್ತಿದ್ದರೆ ಅನುಮಾನ ತಟ್ಟೆಯ ಮೇಲಲ್ಲ, ಕೇಬಲ್ ಮೇಲೆ. ಸಡಿಲವಾದ ಸಾಟಾ ಕೇಬಲ್ಲಿನಲ್ಲಿ ಮಾಹಿತಿ ಕೆಟ್ಟು ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. ಕಡಿಮೆ ಬೆಲೆಯ ಹೊಸ ಕೇಬಲ್ ಹಾಕಿ, ಆ ಎಣಿಕೆ ಅಲ್ಲಿಗೇ ನಿಂತಿತೇ ನೋಡಿ. ಅದು ಸೊನ್ನೆಗೆ ಇಳಿಯುವುದಿಲ್ಲ, ಏರದಿದ್ದರೆ ಸರಿ. ಅಗಲ ಪಟ್ಟಿಯ ಕೇಬಲ್ಲಿದ್ದ ಎಕ್ಸ್‌ಪಿ ಕಾಲದ ಯಂತ್ರಗಳಲ್ಲಿ ಇಂಥ ತಪ್ಪು ಆರು ಸಲ ಆದರೆ ವಿಂಡೋಸ್ ತಾನಾಗಿ ವೇಗ ಇಳಿಸುತ್ತಿತ್ತು. ಇಳಿಯುತ್ತ ಕೊನೆಗೆ ಪಿಐಒ ಎಂಬ ಆಮೆಗತಿಗೆ ಬಂದುಬಿಡುತ್ತಿತ್ತು.

ನಡುಕವೂ ಶತ್ರುವೇ. ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ 2008ರಲ್ಲಿ ಡಿಸ್ಕುಗಳ ಎದುರು ನಿಂತು ಗಟ್ಟಿಯಾಗಿ ಕಿರುಚಿದರು. ಪರದೆಯ ಮೇಲಿನ ನಕ್ಷೆಯಲ್ಲಿ ಡಿಸ್ಕಿನ ವಿಳಂಬ ಆ ಕೂಡಲೇ ನೆಗೆಯಿತು. ದನಿಯ ಕಂಪನಕ್ಕೇ ಹೆಡ್ ಟ್ರ್ಯಾಕ್ ತಪ್ಪುವುದಾದರೆ, ಸ್ಕ್ರೂ ಸಡಿಲಗೊಂಡು ಗಡಗಡ ಎನ್ನುವ ಕ್ಯಾಬಿನೆಟ್ ಫ್ಯಾನು ಏನು ಮಾಡೀತು ಊಹಿಸಿಕೊಳ್ಳಿ.

2007ರಲ್ಲಿ ಗೂಗಲ್ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿದರು. ತಟ್ಟೆಯ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಸಾಯುವ ಸಂಭವ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು ಎಂದು ಅದರಲ್ಲಿ ಗೊತ್ತಾಯಿತು. ಅದೇ ಅಧ್ಯಯನದ ಇನ್ನೊಂದು ಮಾತೂ ಮುಖ್ಯ: ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಸ್ಮಾರ್ಟ್‌ನ ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಆದ್ದರಿಂದ ಎಲ್ಲ ಸಾಲಿನಲ್ಲೂ ಸೊನ್ನೆಯಿದ್ದರೂ ಬ್ಯಾಕಪ್ ತಪ್ಪಿಸುವಂತಿಲ್ಲ.

ಅಂಗಡಿಯ ಡಿಸ್ಕಿನ ಸಿ5 ಸಾಲಿನಲ್ಲಿ ಸೊನ್ನೆಯಿರಲಿಲ್ಲ, ಐವತ್ತರ ಆಸುಪಾಸಿತ್ತು. ಆವತ್ತು ಡಿಫ್ರ್ಯಾಗನ್ನೋ ಇಡೀ ತಟ್ಟೆಯನ್ನು ತಡಕಾಡುವ ಚೆಕ್‌ಡಿಸ್ಕನ್ನೋ ಓಡಿಸಿದ್ದರೆ, ಇದ್ದ ಕಸುವನ್ನೆಲ್ಲ ಅದರಲ್ಲೇ ಕಳೆಯುತ್ತಿತ್ತು. ಯಂತ್ರ ಆರಿಸಿ, ಡಿಸ್ಕ್ ಬಿಚ್ಚಿ, ಮನೆಯ ಲಿನಕ್ಸ್ ಕಂಪ್ಯೂಟರಿಗೆ ಹಾಕಿದೆ. ಅಲ್ಲಿರುವ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದ ರೀತಿ ನನಗೆ ಬಲು ಇಷ್ಟ. ಸುಲಭವಾಗಿ ಬರುವುದನ್ನೆಲ್ಲ ಮೊದಲು ನಕಲು ಮಾಡಿಕೊಂಡು, ಕಷ್ಟದ ಜಾಗಗಳನ್ನು ಗುರುತು ಹಾಕಿ, ಕೊನೆಯಲ್ಲಿ ಅವುಗಳ ಹತ್ತಿರ ಹೋಗುತ್ತದೆ. ರಾತ್ರಿಯೆಲ್ಲ ಓಡಿತು.

ನಕಲನ್ನು ಹೊಸ ಎಸ್‌ಎಸ್‌ಡಿಗೆ ಇಳಿಸಿ ಅದೇ ಹಳೆಯ ಯಂತ್ರಕ್ಕೆ ಕೂರಿಸಿದೆವು. ಆ ಮದರ್‌ಬೋರ್ಡಿನ ಸಾಟಾ ಹಳೆಯದು, ಎಸ್‌ಎಸ್‌ಡಿಯ ಪೂರ್ತಿ ವೇಗ ಅದರಲ್ಲಿ ಹರಿಯುವುದಿಲ್ಲ. ಪರವಾಗಿಲ್ಲ, ಎಸ್‌ಎಸ್‌ಡಿಯಲ್ಲಿ ಸರಿಯಬೇಕಾದ ಹೆಡ್ಡಿಲ್ಲ, ಕಾಯಬೇಕಾದ ಸುತ್ತಿಲ್ಲ. 12 ಮಿಲಿಸೆಕೆಂಡಿನ ಹುಡುಕಾಟ ಒಂದು ಮಿಲಿಸೆಕೆಂಡಿನ ಹತ್ತನೇ ಭಾಗಕ್ಕಿಳಿದರೆ ಹಳೆಯ ಯಂತ್ರ ಮತ್ತೆ ಹರೆಯಕ್ಕೆ ಬಂದಂತಾಗುತ್ತದೆ. ಪೇಜ್‌ಮೇಕರ್ ಕ್ಲಿಕ್ ಮಾಡಿ ಕೈ ತೆಗೆಯುವಷ್ಟರಲ್ಲಿ ತೆರೆಯಿತು.

ಒಂದು ಫೈಲ್ ಮಾತ್ರ ಬರಲಿಲ್ಲ. ಅಂಗಡಿ ಶುರುಮಾಡಿದ ವರ್ಷ ಅವರು ತಮ್ಮ ತಂಗಿಯ ಮದುವೆಗೆಂದೇ ಟೈಪ್ ಮಾಡಿದ ಲಗ್ನಪತ್ರಿಕೆ ಅದು. ಮರುದಿನ ತಂಗಿಯ ಮನೆಯಿಂದ ಅಚ್ಚಾದ ಪ್ರತಿಯೊಂದನ್ನು ತರಿಸಿಕೊಂಡರು. ಅಂಚಿನಲ್ಲಿ ಅರಿಶಿನದ ಕಲೆ ಹಾಗೇ ಇತ್ತು. ಗಿರಾಕಿಗಳು ಹೋದ ಮೇಲೆ ಅದನ್ನು ಮಾನಿಟರಿಗೆ ಒರಗಿಸಿಟ್ಟುಕೊಂಡು, ಮೊದಲ ಸಾಲಿನಿಂದ ಮತ್ತೆ ಟೈಪ್ ಮಾಡತೊಡಗಿದರು.